ಹದಿನೇಳೂವರೆ ಗಜದಲ್ಲಿ ಒಂದು ಕಾಲಿಂಚು

ನಮ್ಮ ಸಭೆಯವರು ಪ್ರತಿವರ್ಷ ಒಂದು ಚಿಕ್ಕ ಪುಸ್ತಕ ಅಚ್ಚು ಹಾಕಿಸುತ್ತಾರೆ. ಹಿಂದಿನ ವರ್ಷ ತೀರಿಕೊಂಡ ಹಿರಿಯರ ಬಗ್ಗೆ ಅದರಲ್ಲಿ ತಲಾ ಎರಡು ಪುಟ. ಹುಟ್ಟಿದ್ದು, ಮದುವೆಯಾದದ್ದು, ಸಭೆಗೆ ಮಾಡಿದ ಸೇವೆ, ಕೊನೆಗೆ 'ಕರ್ತನಲ್ಲಿ ನಿದ್ರೆಹೋದರು' ಎಂದರೆ ಮುಗಿಯಿತು. ಈ ಸಲ ನನ್ನ ಸೋದರಮಾವನ ಪಾಳಿ. ಬರೆದುಕೊಡುವ ಕೆಲಸ ನನ್ನ ತಲೆಗೆ ಬಿತ್ತು. ಟೀಚರಮ್ಮನಿಗೆ ಬರೆಯಲು ಬರುತ್ತದೆ ಎಂದು ಎಲ್ಲರ ನಂಬಿಕೆ. ನಾನು ಕಲಿಸುವುದು ಗಣಿತ ಎಂದರೆ ಯಾರೂ ಕೇಳಲಿಲ್ಲ. ಎರಡು ಪುಟ ಅಚ್ಚುಕಟ್ಟಾಗಿ ಬರೆದೆ. ಅದನ್ನು ಹರಿದುಹಾಕಿ ಈಗ ಇದನ್ನು ಬರೆಯುತ್ತಿದ್ದೇನೆ. ಇದು ಎರಡು ಪುಟದಲ್ಲಿ ಮುಗಿಯುವುದಿಲ್ಲ, ಅವರು ಅಚ್ಚು ಹಾಕುವುದೂ ಅನುಮಾನ.

ಮಾವ ಟೈಲರ್. ಊರಿಗೆಲ್ಲ 'ಮಾಸ್ತರು'. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಔಷಧಿ ಅಂಗಡಿಗೂ ಸೈಕಲ್ ರಿಪೇರಿಯವನಿಗೂ ನಡುವೆ ಹತ್ತಡಿ ಅಗಲದ ಅಂಗಡಿ. ಎರಡು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗೋಡೆಯ ಮೊಳೆಗಳಿಗೆ ಚುಚ್ಚಿಟ್ಟ ಅಳತೆ ಚೀಟಿಗಳು. ಶಾಲೆಯ ಸಮವಸ್ತ್ರ ಹೊಲಿಯುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಮಕ್ಕಳು ಬೆಳೆಯುತ್ತಾರೆಂದು ಪ್ಯಾಂಟಿನ ಕಾಲಿನೊಳಗೆ ಎರಡಿಂಚು ಬಟ್ಟೆ ಮಡಚಿಟ್ಟು ಹೊಲಿಯುತ್ತಿದ್ದರು. ಮುಂದಿನ ವರ್ಷ ತಾಯಂದಿರು ತಂದರೆ ಆ ಮಡಿಕೆ ಬಿಚ್ಚಿ ಉದ್ದ ಮಾಡಿಕೊಡುತ್ತಿದ್ದರು.

ಅವರಿಗೆ ಹೆಸರು ಬಂದದ್ದು ಮಾತ್ರ ಇನ್ನೊಂದು ಕಾರಣಕ್ಕೆ. ಟೈಲರ್‌ಗಳ ಮಾತು ನಿಮಗೆ ಗೊತ್ತೇ ಇದೆ. 'ನಾಳೆ ಬನ್ನಿ' ಎಂದವನು ನಾಲ್ಕು ನಾಳೆ ಕಳೆದ ಮೇಲೂ ಗುಂಡಿ ಹಚ್ಚುತ್ತಿರುತ್ತಾನೆ. ಮಾವ ಚೀಟಿಯಲ್ಲಿ ತಾರೀಕು ಬರೆದರೆ ಆ ದಿನ ಬೆಳಿಗ್ಗೆ ಬಟ್ಟೆ ಇಸ್ತ್ರಿಯಾಗಿ, ಮಡಚಿ, ಕಾಗದದಲ್ಲಿ ಸುತ್ತಿ ಸಿದ್ಧ. ಮೂವತ್ತು ವರ್ಷದಲ್ಲಿ ಒಂದು ಸಲವೂ ತಪ್ಪಿದ್ದಿಲ್ಲ. ಜ್ವರ ಬಂದರೂ ಹೊದ್ದುಕೊಂಡು ಕೂತು ಹೊಲಿಯುತ್ತಿದ್ದರು.

ನನಗೆ ಅಂಕಿ ಕಲಿಸಿದ್ದು ಮಾವನ ಟೇಪು. ಅವರಿಗೆ ಮಕ್ಕಳಿರಲಿಲ್ಲ; ನಮ್ಮ ಮನೆ ಎರಡು ಬೀದಿ ಆಚೆ; ನಾನು ಶಾಲೆ ಬಿಟ್ಟ ಕೂಡಲೇ ಹೋಗಿ ಕೂರುತ್ತಿದ್ದದ್ದು ಆ ಮೇಜಿನ ಕೆಳಗೆ. ಟೇಪಿನ ತುದಿಯ ಹಿತ್ತಾಳೆ ತಗಡನ್ನು ನನ್ನ ಬೆರಳಿಗೆ ಹಿಡಿಸಿ ಅವರು ಹೇಳುತ್ತಿದ್ದರು: "ಇದು ಸೊನ್ನೆ ಕಣೇ. ಎಲ್ಲಾ ಇಲ್ಲಿಂದ ಶುರು. ಇದನ್ನ ಬಿಟ್ಟು ಒಂದರಿಂದ ಹಿಡಿದ್ಯೋ, ಪ್ಯಾಂಟು ಒಂದಿಂಚು ಗಿಡ್ಡ." ನಾನು ಗಣಿತದ ಟೀಚರಾದದ್ದಕ್ಕೆ ಅವರಷ್ಟು ಹೆಮ್ಮೆಪಟ್ಟವರು ಬೇರೆ ಯಾರೂ ಇಲ್ಲ.

ಅವರಿಗೆ ನಲವತ್ತೆಂಟು ವರ್ಷವಾಗಿದ್ದಾಗ ಒಬ್ಬ ಮದುಮಗ ಕೋಟಿಗೆ ಅಳತೆ ಕೊಟ್ಟು ಹೋದ. ಮದುವೆಗೆ ಆರು ದಿನ ಇದೆ ಎನ್ನುವಾಗ ತೀರಿಕೊಂಡ. ಕೋಟು ಮಾತ್ರ ತಾರೀಕಿಗೆ ಸಿದ್ಧವಾಗಿತ್ತು. ಯಾರೂ ತೆಗೆದುಕೊಂಡು ಹೋಗಲು ಬರಲಿಲ್ಲ, ಮಾವನೂ ಅದನ್ನು ಯಾರಿಗೂ ಕೊಡಲಿಲ್ಲ. ಆ ಕೋಟನ್ನು ನೋಡುತ್ತ ನೋಡುತ್ತ ಅವರ ತಲೆಗೆ ಒಂದು ವಿಚಾರ ಹೊಕ್ಕಿತು.

"ನಾನೊಬ್ಬ ಹುಲುಮಾನವ, ನಾನೇ ತಾರೀಕು ತಪ್ಪಿಸಲ್ಲ," ಎಂದರು ಒಂದು ದಿನ. "ಲೋಕ ಮಾಡಿದವನು ತಪ್ಪಿಸ್ತಾನಾ? ಲೋಕ ಮುಗಿಸೋಕೆ ಮತ್ತೆ ಬರ್ತೀನಿ ಅಂತ ಕರ್ತನೇ ಹೇಳಿ ಹೋಗಿದ್ದಾನೆ. ಅಂದ್ಮೇಲೆ ಚೀಟಿನೂ ಕೊಟ್ಟಿರ್ತಾನೆ. ನಮಗೆ ಓದೋಕೆ ಬರ್ತಿಲ್ಲ ಅಷ್ಟೇ."

ಅಂದಿನಿಂದ ಮಾವ ಚೀಟಿ ಓದಲು ಕೂತರು. ಬೈಬಲಿನ ದಾನಿಯೇಲ, ಪ್ರಕಟನೆ, ಯಾರ್‍ಯಾರೋ ಬೋಧಕರು ಬಿಟ್ಟುಹೋದ ಕರಪತ್ರಗಳು, ಹಳೆಯ ಪುಸ್ತಕದಂಗಡಿಯಲ್ಲಿ ಸಿಕ್ಕ ಎರಡು ಇತಿಹಾಸದ ಪುಸ್ತಕಗಳು. ಲೆಕ್ಕ ಹೀಗೆ: ದಾನಿಯೇಲನ ಕಾಲದ ಒಬ್ಬ ಅಹಂಕಾರಿ ರಾಜನಿಗೆ ಏಳು ಕಾಲಗಳವರೆಗೆ ಬುದ್ಧಿ ಕೆಟ್ಟು, ಎತ್ತಿನ ಹಾಗೆ ಹುಲ್ಲು ಮೇಯುತ್ತಾನೆ. ಒಂದು ಕಾಲವೆಂದರೆ ಒಂದು ವರ್ಷ, ಹಳೆಯ ಲೆಕ್ಕದಲ್ಲಿ ವರ್ಷಕ್ಕೆ ಮುನ್ನೂರ ಅರವತ್ತು ದಿನ. ಏಳರಿಂದ ಗುಣಿಸಿದರೆ ಎರಡು ಸಾವಿರದ ಐನೂರ ಇಪ್ಪತ್ತು. ಪ್ರವಾದನೆಯಲ್ಲಿ ಒಂದು ದಿನವೆಂದರೆ ಒಂದು ವರ್ಷ. ಎಲ್ಲಿಂದ ಎಣಿಸಬೇಕು? ಕೆಡವಿದ ದೇವಾಲಯವನ್ನು ಯೆಹೂದ್ಯರು ಮತ್ತೆ ಕಟ್ಟಿ ಮುಗಿಸಿದ ವರ್ಷದಿಂದ ಎಂದು ಮಾವ ತೀರ್ಮಾನಿಸಿದರು. ಒಂದು ಪುಸ್ತಕ ಅದನ್ನು ಕ್ರಿಸ್ತಪೂರ್ವ 516 ಎನ್ನುತ್ತಿತ್ತು, ಇನ್ನೊಂದು 515. ಮಾವ ದಪ್ಪ ಪುಸ್ತಕವನ್ನು ನಂಬಿದರು.

ಕಾಗದದಲ್ಲಿ ಬರೆದ ಲೆಕ್ಕ ಅವರಿಗೆ ಲೆಕ್ಕವೇ ಅಲ್ಲ, ಬಟ್ಟೆಯ ಮೇಲೆ ಕಾಣಬೇಕು. ಕಾಲರಿನ ಒಳಗೆ ಹಾಕುವ ಬಿಳಿ ಕ್ಯಾನ್ವಾಸಿನ ಸುರುಳಿ ತಂದರು. ವರ್ಷಕ್ಕೆ ಕಾಲಿಂಚು, ಅಲ್ಲಲ್ಲಿ ಆಯಾ ಕಾಲದ ರಾಜರ ಹೆಸರು. ಕ್ರಿಸ್ತಪೂರ್ವದ ಐನೂರ ಹದಿನಾರು ವರ್ಷಕ್ಕೆ ಒಂದು ತುಂಡು, ಕ್ರಿಸ್ತಶಕಕ್ಕೆ ಇನ್ನೊಂದು. ಎರಡನ್ನೂ ಸೇರಿಸಿ ಹೊಲಿದು, ಹೊಲಿಗೆ ಬಿದ್ದ ಜಾಗದಲ್ಲಿ ಕೆಂಪು ದಾರದಿಂದ ಒಂದು ಶಿಲುಬೆ ಹಾಕಿ, ಅದರ ಕೆಳಗೆ ದೊಡ್ಡದಾಗಿ ಸೊನ್ನೆ ಬರೆದರು. ಒಟ್ಟು ಉದ್ದ ಹದಿನೇಳೂವರೆ ಗಜ. ಆಚೆ ತುದಿ 2004ಕ್ಕೆ ಬಂದು ನಿಂತಿತು. ಟೈಲರ್ ಆದದ್ದರಿಂದ ಅಲ್ಲಿಗೇ ಕತ್ತರಿಸಲಿಲ್ಲ. ಅಭ್ಯಾಸಬಲದಿಂದ ಎರಡಿಂಚು ಬಿಟ್ಟು ಒಳಗೆ ಮಡಚಿ ಹೊಲಿದರು.

ಬುಧವಾರ ಸಂಜೆ ಅಂಗಡಿಯ ಅರ್ಧ ಬಾಗಿಲು ಎಳೆದು ಪ್ರಾರ್ಥನಾ ಕೂಟ ನಡೆಯುತ್ತಿತ್ತು. ಬ್ಯಾಂಕಿನ ಕಾವಲುಗಾರ, ನಿವೃತ್ತ ಕಂಪೌಂಡರ್, ಹೂವಿನಂಗಡಿಯ ಅಕ್ಕ ಮತ್ತು ಅವಳ ತಾಯಿ, ಹೀಗೆ ಹತ್ತು ಹನ್ನೊಂದು ಜನ. ಮಾವ ಮೇಜಿನ ಮೇಲೆ ಸುರುಳಿ ಬಿಚ್ಚುತ್ತ ಹೋದರೆ ಅವರು ಜೊತೆಜೊತೆಗೆ ಸರಿಯುತ್ತ ಹೋಗುತ್ತಿದ್ದರು, ರಾಜರ ಮೇಲೆ ರಾಜರು ಬಿದ್ದುಹೋಗುತ್ತಿದ್ದರು. ಒಮ್ಮೆ ಪಾದ್ರಿಗಳೇ ಬಂದು, "ಆ ದಿನವಾಗಲಿ ಗಳಿಗೆಯಾಗಲಿ ಯಾರಿಗೂ ಗೊತ್ತಿಲ್ಲ ಅಂತ ಕರ್ತನೇ ಹೇಳಿದ್ದಾನಲ್ಲ ಮಾಸ್ತರೇ," ಎಂದರು. "ದಿನ, ಗಳಿಗೆ ಅಂದಿದ್ದಾನೆ ಅಯ್ಯನವರೇ. ವರ್ಷ ಅಂದಿಲ್ಲವಲ್ಲ," ಎಂದರು ಮಾವ. ವರ್ಷ ಎಂದವರು ಆಮೇಲೆ ತಿಂಗಳು ಹಿಡಿದರು, ಕೊನೆಗೆ ದೇವಾಲಯ ಕಟ್ಟಿ ಮುಗಿದ ದಿನವೇ ಎಂದು ದಿನಕ್ಕೂ ಬಂದರು. ಮಾರ್ಚ್ ಹನ್ನೆರಡು.

ನಾನು ಇದನ್ನೆಲ್ಲ ನಂಬಿದವಳಲ್ಲ. ಭಾನುವಾರ ಸಭೆಗೆ ಹೋಗುತ್ತೇನೆ, ಹಾಡುತ್ತೇನೆ, ಪರೀಕ್ಷೆ ಪೇಪರು ತಿದ್ದುವಾಗ ಯಾವ ದೇವರನ್ನೂ ನೆನೆಯುವುದಿಲ್ಲ. ಮಾವನ ಸುರುಳಿ ನನಗೆ ತಮಾಷೆಯಾಗಿತ್ತು. "ಮಾವ, ಲೋಕ ಮುಗಿಯೋಕೆ ಮುಂಚೆ ನನ್ನ ರವಿಕೆ ಹೊಲಿದುಕೊಡಿ," ಎನ್ನುತ್ತಿದ್ದೆ. ಅವರೂ ನಗುತ್ತಿದ್ದರು.

ಈಗ ಅತ್ತೆಯ ವಿಷಯ. ಅತ್ತೆ ಕಾಜಾ ಹಾಕುವವಳು. ಶರ್ಟಿಗೆ ಗುಂಡಿ ತೂರಿಸುವ ಆ ಸಣ್ಣ ಸೀಳಿನ ಸುತ್ತ ಕೈಯಿಂದ ದಾರ ಹೆಣೆಯುವುದು. ಯಂತ್ರದ ಕಾಜಾ ಎರಡು ಒಗೆತಕ್ಕೆ ಕಿತ್ತುಬರುತ್ತದೆ. ಅತ್ತೆಯ ಕಾಜಾ ಶರ್ಟು ಹರಿದ ಮೇಲೂ ಗಟ್ಟಿ. ಬಾಗಿಲ ಪಕ್ಕ ಬೆಳಕಿಗೆ ಮುಖ ಮಾಡಿ ಕೂತು ದಿನಕ್ಕೆ ಎಂಬತ್ತು ತೊಂಬತ್ತು ಹಾಕುತ್ತಿದ್ದಳು. ಐವತ್ತು ದಾಟಿದ ಮೇಲೆ ಅವಳಿಗೆ ದೀಪದ ಸುತ್ತ ಬಣ್ಣದ ಬಳೆ ಕಾಣತೊಡಗಿತು. ನಡೆಯುವಾಗ ಬಾಗಿಲ ಚೌಕಟ್ಟಿಗೆ ಭುಜ ತಾಗುತ್ತಿತ್ತು, ಪಕ್ಕದಲ್ಲಿಟ್ಟ ಟೀ ಲೋಟ ಕೈ ಬಡಿದು ಉರುಳುತ್ತಿತ್ತು. ಆದರೆ ಸೂಜಿಗೆ ದಾರ ಮೊದಲ ಸಲಕ್ಕೇ ಪೋಣಿಸುತ್ತಿದ್ದಳು. ಸೂಜಿ ಪೋಣಿಸುವವಳ ಕಣ್ಣಿಗೆ ಏನಾಗಿರಲು ಸಾಧ್ಯ ಎಂದು ಎಲ್ಲರೂ ಅಂದುಕೊಂಡೆವು.

ನಾನೇ ಅವಳನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅದೊಂದು ಒಳ್ಳೆಯ ಕೆಲಸ ನನ್ನ ಹೆಸರಿನಲ್ಲಿದೆ, ಅದನ್ನು ಹೇಳಿಬಿಡುತ್ತೇನೆ. ಕಣ್ಣಿನೊಳಗೆ ಒತ್ತಡ ಏರಿದೆ, ಸುತ್ತಲಿನ ನೋಟ ಆಗಲೇ ಬಹಳ ಹೋಗಿದೆ, ನಡುವಿನದು ಮಾತ್ರ ಉಳಿದಿದೆ ಎಂದರು ಡಾಕ್ಟರು. ಹನಿ ಔಷಧ ಬರೆದರು, ಅದು ಸಾಲುವುದಿಲ್ಲ, ಬೇಗ ಆಪರೇಷನ್ ಆಗಬೇಕು ಎಂದರು. "ಹೋಗಿರೋ ನೋಟ ವಾಪಸು ಬರಲ್ಲ. ಇರೋದನ್ನ ಉಳಿಸಿಕೊಳ್ಳಬಹುದು." ಇದು ಮಾವನ ತಾರೀಕಿಗೆ ಐದು ತಿಂಗಳ ಮುಂಚಿನ ಮಾತು.

ಮಾವ ಕೆಟ್ಟವರಲ್ಲ. ಅತ್ತೆಯ ಮೇಲೆ ಜೀವ ಇಟ್ಟುಕೊಂಡಿದ್ದರು. "ಐದು ತಿಂಗಳು ತಾನೇ. ಅಷ್ಟಕ್ಕೆ ಕಣ್ಣಿಗೆ ಯಾಕೆ ಕತ್ತರಿ ಹಾಕಿಸೋದು?" ಎಂದರು. ಅತ್ತೆಗೂ ಆಪರೇಷನ್ ಎಂದರೆ ಎದೆ ನಡುಕ. "ಕರ್ತ ಬಂದಾಗ ಹೊಸ ಕಣ್ಣೇ ಬರುತ್ತೆ ಅಂದ್ಮೇಲೆ ಹಳೇದಕ್ಕೆ ತೇಪೆ ಯಾಕೆ?" ಎಂದು ನಕ್ಕಳು. ಆಸ್ಪತ್ರೆಯ ಕಾರ್ಡು ಅಳತೆ ಚೀಟಿಗಳ ನಡುವೆ ಮೊಳೆಗೆ ಚುಚ್ಚಿಕೊಂಡು ನೇತಾಡಿತು. ಹನಿ ಔಷಧದ ಬಾಟಲಿ ಮುಗಿದ ಮೇಲೆ ಇನ್ನೊಂದು ತರಲಿಲ್ಲ.

2004ರ ಮಾರ್ಚ್ ಹನ್ನೆರಡು, ಶುಕ್ರವಾರ. ಮಾವ ಎಲ್ಲರ ಬಟ್ಟೆಯನ್ನೂ ಗುರುವಾರವೇ ಕೊಟ್ಟು ಮುಗಿಸಿದ್ದರು. ಹನ್ನೆರಡರ ಆಚೆಗಿನ ತಾರೀಕಿಗೆ ಒಂದು ಚೀಟಿಯನ್ನೂ ಬರೆದಿರಲಿಲ್ಲ. ಯಂತ್ರಗಳಿಗೆ ಎಣ್ಣೆ ಬಿಟ್ಟು ಮುಸುಕು ಹಾಕಿದ್ದರು. ಬೆಳಿಗ್ಗೆಯಿಂದ ಹನ್ನೊಂದು ಜನ ಒಗೆದ ಬಟ್ಟೆ ಉಟ್ಟು ಆ ಹತ್ತಡಿಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದರು. ನಾನು ಶಾಲೆ ಮುಗಿಸಿ ಬರುವಾಗ ಹಣಕಿ ನೋಡಿದೆ. ಹಾಡಿ ಹಾಡಿ ಗಂಟಲು ಒಣಗಿ, ಕಂಪೌಂಡರ್ ತೂಕಡಿಸುತ್ತಿದ್ದ. ಹೊತ್ತು ಮುಳುಗಿತು. ಬೀದಿ ದೀಪ ಹತ್ತಿತು. ಹೂವಿನಂಗಡಿಯ ಅಕ್ಕ ಮೊದಲು ಎದ್ದಳು, ತಾಯಿಗೆ ಮಾತ್ರೆ ಕೊಡಬೇಕಿತ್ತು.

ಮರುದಿನ ಊರಿನವರ ಬಾಯಿಗೆ ಬಿಡುವೇ ಇಲ್ಲ. "ಏನ್ ಮಾಸ್ತರೇ, ಇನ್ನೂ ಇಲ್ಲೇ ಇದ್ದೀರಾ?" ಎಂದ ಸೈಕಲ್ ರಿಪೇರಿಯವನು. ಸಮವಸ್ತ್ರ ಕೇಳಲು ಬಂದ ಒಬ್ಬ ತಾಯಿ, "ಕೊಡೋ ತಾರೀಕು ಬರೀರಿ, ಆದ್ರೆ ನಿಮ್ಮ ತಾರೀಕನ್ನ ಇನ್ನು ನಂಬೋ ಹಾಗಿಲ್ಲ ಬಿಡಿ," ಎಂದಳು. ಅವಳು ತಮಾಷೆಗೇ ಹೇಳಿದ್ದು. ಮಾವನಿಗೆ ನೆಲ ಬಿರಿದು ನುಂಗಬಾರದೇ ಎನಿಸಿರಬೇಕು. ಮಧ್ಯಾಹ್ನವೇ ಬಾಗಿಲು ಹಾಕಿಕೊಂಡು ಮನೆಗೆ ಹೋದರು.

ಭಾನುವಾರ ಸಭೆ ಮುಗಿದ ಮೇಲೆ ನಾನು ಅವರ ಮನೆಗೆ ಹೋದೆ. ಮಾವ ಸಭೆಗೆ ಬಂದಿರಲಿಲ್ಲ. ಗೋಡೆಗೊರಗಿ ನೆಲದ ಮೇಲೆ ಕೂತಿದ್ದರು, ಮುಂದೆ ಆ ಕ್ಯಾನ್ವಾಸಿನ ಸುರುಳಿ. ಒಲೆಗೆ ಹಾಕಬೇಕೆಂದು ತಂದಿದ್ದರಂತೆ, ಕೈ ಬಂದಿರಲಿಲ್ಲ. ಎರಡೇ ದಿನದಲ್ಲಿ ಮುಖ ಇಳಿದುಹೋಗಿತ್ತು. "ನಾನು ಮೂರ್ಖ ಕಣೇ," ಎಂದರು. "ಇಷ್ಟು ಜನರನ್ನ ಕೂರಿಸಿಕೊಂಡು ನಗೆಪಾಟಲಾದೆ."

ಬಾಗಿಲ ಹಿಂದೆ ಒಂದು ಚೀಲ ಇತ್ತು. ಬೂದು ಬಣ್ಣದ ಬಟ್ಟೆಯ ಚೀಲ, ಮಾವನೇ ಹೊಲಿದದ್ದು. ಅದರಿಂದ ನೀರಿನ ಬಾಟಲಿಯ ಕತ್ತು, ಟವೆಲಿನ ತುದಿ, ಆಸ್ಪತ್ರೆಯ ಕಾರ್ಡು ಕಾಣುತ್ತಿದ್ದವು. ಮೊಳೆಯಿಂದ ಕಿತ್ತ ತೂತು ಕೂಡ ಕಾರ್ಡಿನಲ್ಲಿ ಕಂಡಿತು. ಯಾರೂ ಹೇಳುವ ಅಗತ್ಯವಿರಲಿಲ್ಲ. ತಾರೀಕು ಸುಳ್ಳಾದ ಮೇಲೆ ಮಾವನಿಗೆ ಬುದ್ಧಿ ಬಂದಿತ್ತು, ಸೋಮವಾರ ಬೆಳಿಗ್ಗೆ ಅತ್ತೆಯನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗುವವರಿದ್ದರು. ನಾನು ಆ ಚೀಲವನ್ನು ನೋಡಿದೆ. ಚೆನ್ನಾಗಿ ನೋಡಿದೆ.

ನೋಡಿಯೂ ನನ್ನ ಕೈ ಸುಮ್ಮನಿರಲಿಲ್ಲ. ಸುರುಳಿಯನ್ನು ಎಳೆದುಕೊಂಡು ಬಿಚ್ಚತೊಡಗಿದೆ. ಹದಿಮೂರು ವರ್ಷದಿಂದ ಮಕ್ಕಳ ತಪ್ಪು ಹುಡುಕುವುದೇ ನನ್ನ ಕೆಲಸ; ಕೆಂಪು ಪೆನ್ನಿಗೆ ತಪ್ಪು ಸಿಗದಿದ್ದರೆ ನನಗೆ ಊಟ ಸೇರುವುದಿಲ್ಲ. ಕೆಂಪು ಶಿಲುಬೆಯ ಹತ್ತಿರ ಬಂದಾಗ ತಪ್ಪು ಸಿಕ್ಕಿತು. ಸಿಕ್ಕ ಸಂತೋಷಕ್ಕೆ ನಾಲಿಗೆ ತುರಿಸಿತು.

"ಮಾವ, ಇಲ್ಲಿ ಸೊನ್ನೆ ಹಾಕಿದ್ದೀರಲ್ಲ, ಸೊನ್ನೆ ಅಂತ ವರ್ಷವೇ ಇಲ್ಲ," ಎಂದೆ.

"ಇಲ್ಲ ಅಂದ್ರೆ?"

"ಟೇಪಿನಲ್ಲಿ ಸೊನ್ನೆ ಇರುತ್ತೆ. ವರ್ಷದ ಎಣಿಕೆಯಲ್ಲಿ ಇಲ್ಲ. ಕ್ರಿಸ್ತಪೂರ್ವ ಒಂದು ಮುಗಿದ ಕೂಡಲೇ ಕ್ರಿಸ್ತಶಕ ಒಂದು. ನಡುವೆ ಏನೂ ಇಲ್ಲ. ನೀವು ಟೈಲರ್ ಬುದ್ಧಿ ಉಪಯೋಗಿಸಿ ನಡುವೆ ಒಂದು ವರ್ಷ ಜಾಸ್ತಿ ಹೊಲಿದುಬಿಟ್ಟಿದ್ದೀರ. ನಿಮ್ಮ ಲೆಕ್ಕದಲ್ಲೇ ಹೋದರೂ 2004ಕ್ಕೆ ಆಗಿರೋದು ಎರಡು ಸಾವಿರದ ಐನೂರ ಹತ್ತೊಂಬತ್ತು ವರ್ಷ. ಕಾಲಿಂಚು ಕಡಿಮೆ."

ಇಷ್ಟು ಹೇಳಿ ನಕ್ಕೆ. ಹದಿನೇಳೂವರೆ ಗಜದಲ್ಲಿ ಕಾಲಿಂಚಿನ ತಪ್ಪು ಹಿಡಿದವಳ ನಗು ಅದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಾವನ ಕಡೆ ನೋಡಿದೆ. ಅವರು ನೆಟ್ಟಗೆ ಕೂತಿದ್ದರು. ಬೆರಳಲ್ಲಿ ಎಣಿಸಿದರು, ಮತ್ತೆ ಎಣಿಸಿದರು. "ಅಂದ್ರೆ ತಪ್ಪಿಲ್ಲ," ಎಂದರು. "ತಾರೀಕು ತಪ್ಪಿಲ್ಲ. ಹೊಲಿಗೆ ಮಾತ್ರ ತಪ್ಪಿದೆ. 2005." ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದಳು. ನಾನು ಅವಳ ಕಡೆ ನೋಡಲಿಲ್ಲ.

ಸೋಮವಾರ ಅವರು ಆಸ್ಪತ್ರೆಗೆ ಹೋಗಲಿಲ್ಲ. ಮಾವ ಆ ದಿನ ಶಿಲುಬೆಯ ಹೊಲಿಗೆ ಬಿಚ್ಚಿ, ಕಾಲಿಂಚು ಒಳಗೆ ಸೇರಿಸಿ ಮತ್ತೆ ಹೊಲಿದರು. ಆಚೆ ತುದಿಯ ಮಡಿಕೆ ಬಿಚ್ಚಿ ಕಾಲಿಂಚು ಹೊರಗೆ ಬಿಟ್ಟರು. ಬೆಳೆಯುವ ಮಕ್ಕಳ ಪ್ಯಾಂಟಿಗೆ ಮಾಡುವ ಹಾಗೆಯೇ.

ಆಗಲೂ ಕಾಲ ಮಿಂಚಿರಲಿಲ್ಲ. ಬುಧವಾರ ಮಾವ ನನ್ನನ್ನು ಕೂಟಕ್ಕೆ ಕರೆಸಿದರು. "ನಮ್ಮ ಲೆಕ್ಕದ ಟೀಚರೇ ಹೇಳ್ತಾರೆ," ಎಂದು ನನ್ನನ್ನು ಎದುರಿಗೆ ನಿಲ್ಲಿಸಿದರು. ನಾನು ಆಗ 'ಇದೆಲ್ಲ ಹುಚ್ಚು, ಮೊದಲು ಅತ್ತೆಯ ಕಣ್ಣು ತೋರಿಸಿ' ಎನ್ನಬಹುದಿತ್ತು. ಅನ್ನಲಿಲ್ಲ. ಮೇಜಿನ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ಸೊನ್ನೆ ಏಕೆ ಇಲ್ಲ ಎಂದು ವಿವರಿಸಿದೆ. ಶಾಲೆಯಲ್ಲಿ ನಲವತ್ತು ಮಕ್ಕಳು ಆಕಳಿಸುತ್ತ ಕೇಳುವುದನ್ನು ಇಲ್ಲಿ ಹನ್ನೊಂದು ಜನ ಕಣ್ಣು ಮಿಟುಕಿಸದೆ ಕೇಳಿದರು. ಮುಗಿದ ಮೇಲೆ ಒಬ್ಬೊಬ್ಬರೇ "ಆಮೆನ್" ಎಂದರು. ಹೂವಿನಂಗಡಿಯ ಅಕ್ಕ ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ನನಗೆ ಹಿತವಾಯಿತು. ಸುಳ್ಳು ಹೇಳಿ ಏನು ಪ್ರಯೋಜನ, ಬಹಳ ಹಿತವಾಯಿತು.

ಆ ವರ್ಷವಿಡೀ ನಾನು ಅತ್ತೆಯನ್ನು ನೋಡುತ್ತಲೇ ಇದ್ದೆ. ಕಾಜಾ ಮೊದಲು ಎಂಬತ್ತರಿಂದ ಐವತ್ತಕ್ಕೆ ಇಳಿಯಿತು, ಆಮೇಲೆ ಇಪ್ಪತ್ತಕ್ಕೆ. ದಾರದ ಸಾಲು ಅಡ್ಡಾದಿಡ್ಡಿ ಹೋಗತೊಡಗಿತು. ಮಾವ ಅವಳಿಗೆ ಗೊತ್ತಾಗದ ಹಾಗೆ ಬಿಚ್ಚಿ ಯಂತ್ರದಲ್ಲಿ ಹಾಕುತ್ತಿದ್ದರು. ಅತ್ತೆಯ ಹಣೆಯ ಪಕ್ಕದಲ್ಲಿ ಯಾವಾಗಲೂ ಒಂದು ನೀಲಿ ಗಾಯ. ಹೋದಾಗಲೆಲ್ಲ 'ಇವತ್ತು ಹೇಳುತ್ತೇನೆ' ಎಂದುಕೊಂಡು ಹೋಗಿ, 'ಮುಂದಿನ ವಾರ ಹೇಳುತ್ತೇನೆ' ಎಂದುಕೊಂಡು ಬರುತ್ತಿದ್ದೆ. ಹೇಳಿದರೆ ಮಾವನ ಲೆಕ್ಕವನ್ನು ಎತ್ತಿ ನಿಲ್ಲಿಸಿದವಳು ನಾನೇ ಎಂದು ಒಪ್ಪಿಕೊಳ್ಳಬೇಕಿತ್ತು.

ಒಂದು ದಿನ ಅತ್ತೆಯೇ ಕೇಳಿದಳು. ಮಳಿಗೆಯಲ್ಲಿ ನಾವಿಬ್ಬರೇ ಇದ್ದೆವು, ಮಾವ ದಾರದ ಉಂಡೆ ತರಲು ಹೋಗಿದ್ದರು. ಮಡಿಲಲ್ಲಿದ್ದ ಶರ್ಟನ್ನು ಬೆರಳಿನಿಂದ ತಡವುತ್ತ, "ಅಲ್ವೇ, ನಿನ್ನ ಲೆಕ್ಕ ಸರಿ ಇದೆಯಾ?" ಎಂದಳು.

ಅವಳು ಕೇಳಿದ್ದೇನು ಎಂದು ನನಗೆ ಗೊತ್ತಿತ್ತು. ಕಾಯಲೇ, ಬೇಡವೇ, ಅಷ್ಟೇ ಅವಳ ಪ್ರಶ್ನೆ. ಗಂಡನನ್ನು ಕೇಳಲು ಧೈರ್ಯವಿಲ್ಲದೆ ನನ್ನನ್ನು ಕೇಳುತ್ತಿದ್ದಳು. ನಾನು 'ಬೇಡ' ಎಂದಿದ್ದರೆ ಆ ಸಂಜೆಯೇ ಅವಳು ಹೊರಡುತ್ತಿದ್ದಳೋ ಏನೋ.

"ಲೆಕ್ಕ ಸರಿ ಇದೆ ಅತ್ತೆ," ಎಂದೆ.

ಕೂಡಿದ್ದು, ಕಳೆದದ್ದು ಸರಿಯಾಗಿಯೇ ಇತ್ತು. ಗಣಿತದವರು ಹೀಗೆಯೇ ತಪ್ಪಿಸಿಕೊಳ್ಳುತ್ತಾರೆ. ಅವಳು "ಸರಿ ಹಾಗಾದ್ರೆ" ಎಂದು ಸೂಜಿ ಎತ್ತಿಕೊಂಡಳು. ದಾರ ನಾಲ್ಕು ಸಲ ತಪ್ಪಿತು. ಐದನೆಯ ಸಲ ನಾನು ಪೋಣಿಸಿಕೊಟ್ಟೆ.

2005ರ ಮಾರ್ಚ್ ಹನ್ನೆರಡು ಶನಿವಾರ ಬಂತು, ಹೋಯಿತು. ಈ ಸಲ ಕೂತಿದ್ದವರು ಏಳು ಜನ. ಸಂಜೆ ಮಾವ ಬಾಗಿಲು ತೆರೆದು ಹೊರಗೆ ಬಂದು ಆಕಾಶವನ್ನು ನೋಡಲಿಲ್ಲ, ಒಳಗೆ ತಿರುಗಿ ಅತ್ತೆಯನ್ನು ನೋಡಿದರು. ಅವಳು ಎದ್ದು ನಿಂತು, ಇದ್ದ ಬಾಗಿಲನ್ನು ಬಿಟ್ಟು ಗೋಡೆಯನ್ನು ತಡಕುತ್ತಿದ್ದಳು.

ಸೋಮವಾರ ಮೂವರೂ ಆಸ್ಪತ್ರೆಗೆ ಹೋದೆವು. ಅದೇ ಡಾಕ್ಟರು. ಕಾರ್ಡು ನೋಡಿದರು, ಯಂತ್ರದಲ್ಲಿ ಕಣ್ಣು ನೋಡಿದರು, ಮತ್ತೆ ಕಾರ್ಡು ನೋಡಿದರು. ಎಡಗಣ್ಣು ಪೂರ್ತಿ ಹೋಗಿದೆ, ಬಲಗಣ್ಣಿನಲ್ಲಿ ಬೆಳಕು ಕತ್ತಲೆ ಗೊತ್ತಾಗುವಷ್ಟು ಉಳಿದಿದೆ ಎಂದರು. "ಹೋದ ವರ್ಷ ಈ ಹೊತ್ತಿಗೆ ಬಂದಿದ್ರೂ ಒಂದು ಕಣ್ಣು ಉಳೀತಿತ್ತು. ಯಾಕೆ ಬರಲಿಲ್ಲ?"

ಮಾವ ಕಾರ್ಡನ್ನು ತೆಗೆದುಕೊಂಡು ಮೊಳೆಯ ತೂತನ್ನು ಬೆರಳಿನಿಂದ ಮುಚ್ಚಿಕೊಂಡರು. ಏನೆಂದು ಹೇಳುತ್ತಾರೆ? ಡಾಕ್ಟರು ನನ್ನ ಕಡೆ ತಿರುಗಿದರು. ಓದಿದವಳ ಹಾಗೆ ಕಾಣುತ್ತಿದ್ದವಳು ನಾನೊಬ್ಬಳೇ. "ಮನೆಯಲ್ಲಿ ಸ್ವಲ್ಪ ತೊಂದರೆ ಇತ್ತು," ಎಂದೆ. ಹೊರಗೆ ಬಂದ ಮೇಲೆ ಮಾವ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತರು. ಅತ್ತೆ ಅವರ ಬೆನ್ನು ಸವರುತ್ತ, "ಬಿಡಿ, ಜನ ನೋಡ್ತಾರೆ," ಎಂದಳು. ಜನ ನೋಡುತ್ತಿದ್ದಾರೋ ಇಲ್ಲವೋ ಅವಳಿಗೆ ಹೇಗೆ ತಿಳಿಯಬೇಕು.

ಮುಂದಿನ ಭಾನುವಾರ ಮಾವ ಪಾದ್ರಿಗಳ ಅಪ್ಪಣೆ ಕೇಳಿ ಸಭೆಯ ಮುಂದೆ ನಿಂತರು. ಸುರುಳಿಯನ್ನು ಕಂಕುಳಲ್ಲಿ ಹಿಡಿದಿದ್ದರು. "ದೇವರ ಚೀಟಿ ಓದೋಕೆ ಹೋಗಿ ನನ್ನ ಮನೆ ಮೊಳೆಗೆ ಚುಚ್ಚಿದ್ದ ಚೀಟಿ ಓದಲಿಲ್ಲ," ಎಂದರು. "ನನ್ನ ಹೆಂಡ್ತಿ ಕಣ್ಣು ಹೋಯ್ತು. ನಿಮ್ಮನ್ನೂ ದಾರಿ ತಪ್ಪಿಸಿದೆ. ಎಲ್ಲರೂ ಕ್ಷಮಿಸಬೇಕು." ಹಿಂದಿನ ಬೆಂಚಿನಿಂದ ಬ್ಯಾಂಕಿನ ಕಾವಲುಗಾರ ಮೆಲ್ಲಗೆ, "ಮಾಸ್ತರೇ, ಆ ತೆಳ್ಳಗಿನ ಪುಸ್ತಕದಲ್ಲಿ 515 ಅಂತ ಇತ್ತಲ್ಲ? ಹಾಗೆ ಹಿಡಿದ್ರೆ ಇನ್ನೂ ಒಂದು ವರ್ಷ..." ಎಂದು ನನ್ನ ಕಡೆ ನೋಡಿದ. "ಸಾಕಪ್ಪ," ಎಂದರು ಮಾವ.

ಪಾದ್ರಿಗಳು ಮೃದುವಾಗಿ ಕೇಳಿದರು, "ಹೋದ ವರ್ಷವೇ ಬಿಟ್ಟುಬಿಡಬೇಕಿತ್ತಲ್ಲ ಮಾಸ್ತರೇ. ಮತ್ತೆ ಒಂದು ವರ್ಷ ಮುಂದಕ್ಕೆ ಹಾಕಿದ್ದು ಯಾಕೆ?"

ಹನ್ನೊಂದು ಜನಕ್ಕೆ ಉತ್ತರ ಗೊತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನನ್ನ ಕೈ ಸೆರಗಿನ ಮೇಲೆ ಹೋಯಿತು. ಮಾವ ನಾನು ಕೂತ ಬೆಂಚಿನ ಕಡೆ ನೋಡಲೇ ಇಲ್ಲ. "ಲೆಕ್ಕ ನಂದೇ ಅಯ್ಯನವರೇ. ತಪ್ಪೂ ನಂದೇ," ಎಂದರು. ನಾನು ಎದ್ದು ನಿಲ್ಲಬೇಕಿತ್ತು. ಎರಡು ಕಾಲಿದ್ದವು, ಬಾಯಿತ್ತು, ಸೀಮೆಸುಣ್ಣ ಹಿಡಿದು ನಾಲ್ಕು ಜನರೆದುರು ಮಾತಾಡಿ ಅಭ್ಯಾಸವೂ ಇತ್ತು. ಹಾಡಿನ ಪುಸ್ತಕ ತೆರೆದು ಮುಂದಿನ ಹಾಡಿನ ನಂಬರು ಹುಡುಕುತ್ತ ಕೂತೆ.

ಮಾವ ಮತ್ತೆ ಅಂಗಡಿ ತೆರೆದರು. ಸುರುಳಿಯನ್ನು ಸುಡಲಿಲ್ಲ. ಒಳ್ಳೆಯ ಕ್ಯಾನ್ವಾಸು, ಹಾಳು ಮಾಡುವುದೇಕೆಂದು ಕತ್ತರಿಸಿ ಕಾಲರುಗಳ ಒಳಗೆ ಹಾಕಿ ಮುಗಿಸಿದರು. ನನ್ನ ತರಗತಿಯ ಎಷ್ಟೋ ಮಕ್ಕಳ ಕತ್ತಿನ ಸುತ್ತ ಹಳೆಯ ರಾಜರು ಕೂತಿದ್ದರು. ಮಾವ ಕಾಜಾ ಹಾಕುವುದನ್ನು ಕಲಿತರು. ಅತ್ತೆ ಪಕ್ಕದಲ್ಲಿ ಕೂತು ಬೆರಳಿನಿಂದ ಮುಟ್ಟಿ ನೋಡಿ, "ಇದು ಕಾಜಾನೋ, ಇಲಿ ಕಡಿದಿದ್ದೋ?" ಎನ್ನುತ್ತಿದ್ದಳು. ಅವಳನ್ನು ಕೈ ಹಿಡಿದು ನಡೆಸುವಾಗ ತಾವು ಯಾವಾಗಲೂ ರಸ್ತೆಯ ಕಡೆಗಿರುತ್ತಿದ್ದರು. ಚೀಟಿಯಲ್ಲಿ ತಾರೀಕು ಬರೆಯುವುದನ್ನು ನಿಲ್ಲಿಸಿದರು. ಯಾರಾದರೂ ಯಾವಾಗ ಕೊಡುತ್ತೀರಿ ಎಂದರೆ, "ಆದಾಗ ಹೇಳಿ ಕಳಿಸ್ತೀನಿ," ಎನ್ನುತ್ತಿದ್ದರು. ಹೀಗೆ ಬಹಳ ವರ್ಷ ಕಳೆಯಿತು. ನನ್ನ ಹೆಸರನ್ನು ಅವರು ಒಂದು ಸಲವೂ ಎತ್ತಲಿಲ್ಲ. ಹೋದ ವರ್ಷ ತೀರಿಕೊಂಡರು, ಎಪ್ಪತ್ತೊಂಬತ್ತು ವರ್ಷ.

ಮೊದಲು ಬರೆದ ಆ ಎರಡು ಪುಟವನ್ನು ಸಭೆಗೆ ಕೊಡುವ ಮುನ್ನ ಅತ್ತೆಗೆ ಓದಿ ಹೇಳಬೇಕಿತ್ತು. ಅವಳು ಓದಲಾರಳು, ನಾನೇ ಓದಬೇಕು. ಬಾಗಿಲ ಪಕ್ಕದ ಅದೇ ಕುರ್ಚಿಯಲ್ಲಿ ಕೂತು ಕೇಳಿದಳು. ಅದರಲ್ಲಿ ಮಾವನ ತಾರೀಕಿನ ವಿಷಯವನ್ನೂ ಧೈರ್ಯ ಮಾಡಿ ಬರೆದಿದ್ದೆ. 'ಪ್ರವಾದನೆಗಳನ್ನು ಲೆಕ್ಕ ಹಾಕುವ ಭರದಲ್ಲಿ ಪತ್ನಿಯ ಚಿಕಿತ್ಸೆ ತಡವಾಯಿತು. ಆ ತಪ್ಪನ್ನು ಅವರು ಸಭೆಯ ಮುಂದೆ ಒಪ್ಪಿಕೊಂಡರು' ಎಂದು. ಸೊನ್ನೆಯ ವಿಷಯ ಇರಲಿಲ್ಲ. ನಾನು ಸುರುಳಿ ಬಿಚ್ಚಿದ ಆ ಭಾನುವಾರವೇ ಇರಲಿಲ್ಲ.

ಓದಿ ಮುಗಿಸಿದೆ.

"ಚೆನ್ನಾಗಿದೆ," ಎಂದಳು ಅತ್ತೆ. "ಚೀಲದ ವಿಷಯ ಬರೀಲಿಲ್ಲವಲ್ಲ."

"ಯಾವ ಚೀಲ ಅತ್ತೆ?"

"ಬಾಗಿಲ ಹಿಂದೆ ಇಟ್ಟಿದ್ನಲ್ಲ, ಬೂದು ಚೀಲ. ನೀನು ನೋಡಿದೆ. ಕಾರ್ಡನ್ನೂ ನೋಡಿದೆ. ಆಮೇಲೆ ಹೋಗಿ ಸುರುಳಿ ಎಳ್ಕೊಂಡೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಕಾಜಾದ ಅಳತೆ ಹೇಳುವ ಹಾಗೆ ಹೇಳುತ್ತಿದ್ದಳು. "ನಾನು ಅಡುಗೆಮನೆ ಬಾಗಿಲಲ್ಲೇ ನಿಂತಿದ್ದೆ ಕಣೇ. ಆಗ ನನಗಿನ್ನೂ ಕಾಣ್ತಿತ್ತು."